ಹ್ಯಾಕ್ ಮಾಡಿದವರಿಗೆ ಎಂಥ ಶಿಕ್ಷೆ, ಎಷ್ಟು ಶಿಕ್ಷೆ?

ವಿಜಯನಗರದ ಒಂದು ಕಾಲೇಜು ಅಂದುಕೊಳ್ಳಿ. ಹುಡುಗನೊಬ್ಬ ಯಾವುದೋ ದೋಷ ಕಂಡುಹಿಡಿದು ಕಾಲೇಜಿನ ಸರ್ವರ್ ಒಳಹೊಕ್ಕ, ಅಂಕಪಟ್ಟಿ ನೋಡಿ ಹೊರಬಂದ. ಇನ್ನೊಬ್ಬ ಅದೇ ದಾರಿಯಲ್ಲಿ ಹೋಗಿ 28 ಇದ್ದದ್ದನ್ನು 48 ಮಾಡಿದ. ಇಬ್ಬರದೂ ತಪ್ಪೇ. ಆದರೆ ಕಾನೂನು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ, ತೂಗಲೂಬಾರದು.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43ರಂತೆ, ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿಗೆ ಕೈಹಾಕಿದರೆ ತೊಂದರೆಗೊಳಗಾದವರಿಗೆ ಪರಿಹಾರ ಕಟ್ಟಿಕೊಡಬೇಕು. ಅದನ್ನೇ ಅಪ್ರಾಮಾಣಿಕವಾಗಿ ಇಲ್ಲವೇ ವಂಚಿಸಲೆಂದು ಮಾಡಿದರೆ ಸೆಕ್ಷನ್ 66 ಬರುತ್ತದೆ: 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೈಬರ್ ಭಯೋತ್ಪಾದನೆಗೆ ಜೀವಾವಧಿಯವರೆಗೂ ಶಿಕ್ಷೆಯಿದೆ. ಹುಡುಗನಿಗೆ 18 ತುಂಬಿರದಿದ್ದರೆ ವಿಷಯ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ.

ಮೂರೇ ವರ್ಷ ಸಾಲದು, ಹತ್ತು ಮಾಡಿ ಎನ್ನುವವರು ಬಹಳ ಮಂದಿ. ನಾನು ಒಪ್ಪುವುದಿಲ್ಲ. ಸಿಕ್ಕಿಬೀಳುವುದೇ ಇಲ್ಲ ಎಂದು ನಂಬಿದವನಿಗೆ ಮೂರೂ ಒಂದೇ, ಹತ್ತೂ ಒಂದೇ. ಶಿಕ್ಷೆ ಖಚಿತವಾಗಿರಬೇಕು, ಬೇಗ ಆಗಬೇಕು ಎಂದು ಇಟಲಿಯ ಕಾನೂನು ಚಿಂತಕ ಬೆಕ್ಕಾರಿಯಾ 1764ರಲ್ಲೇ ವಾದಿಸಿದ್ದ. ನಮ್ಮಲ್ಲಿ ಏನಾಯಿತು ನೋಡಿ. 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಬಿತ್ತು. ಗುತ್ತಿಗೆದಾರರು ಟೆಂಡರಿಗೆ ಠೇವಣಿಯಾಗಿ ಕಟ್ಟಿದ್ದ ಇಎಂಡಿ ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿ ಹೋಯಿತು. ಆರೋಪಿಯನ್ನು 2020ರ ನವೆಂಬರಿನಲ್ಲಿ ಸಿಸಿಬಿ ಪೊಲೀಸರು ಹಿಡಿದದ್ದು ಡ್ರಗ್ಸ್ ಕೇಸಿನಲ್ಲಿ. ಬಿಟ್‌ಕಾಯಿನ್ ಹಗರಣವೆಂದು ಹೆಸರಾದ ಈ ಹ್ಯಾಕಿಂಗ್ ಪ್ರಕರಣದ ತನಿಖೆಗೆ ಎಸ್‌ಐಟಿ ರಚನೆಯಾದದ್ದು 2023ರಲ್ಲಿ. ಹಣ ಹೋಗಿ ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು.

ದೇಶದ ಮೊದಲ ಸೈಬರ್ ಕ್ರೈಂ ಠಾಣೆ 2001ರಲ್ಲಿ ಶುರುವಾದ ಊರು ಬೆಂಗಳೂರು. ಆಮೇಲೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದು ಸಿಇಎನ್ ಠಾಣೆಗಳೂ ಬಂದವು. ಆದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಫೈಲು ರಾಶಿ ಬೀಳಲು ಅದೂ ಒಂದು ಕಾರಣ. ಜೈಲಿನ ವರ್ಷ ಏರಿಸುವ ಬದಲು ಪಳಗಿದ ತನಿಖಾಧಿಕಾರಿಗಳನ್ನೂ ಫೊರೆನ್ಸಿಕ್ ಲ್ಯಾಬುಗಳನ್ನೂ ಹೆಚ್ಚಿಸಲಿ.

ನಮ್ಮ ಕಡೆಯಿಂದಲೂ ಸಾಕ್ಷ್ಯ ಹಾಳಾಗುತ್ತದೆ. ರಾಜಾಜಿನಗರ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪಿನಲ್ಲಿ ಟ್ಯಾಲಿ ಇರುವ ಕಂಪ್ಯೂಟರನ್ನು ಯಾರೋ ಲಾಕ್ ಮಾಡಿ ದುಡ್ಡು ಕೇಳಿದರು ಎನ್ನಿ. ಮಾಲೀಕರು ಮೊದಲು ಕರೆಯುವುದು ಸರ್ವಿಸ್ ಹುಡುಗನನ್ನು. ಅವನು ಫಾರ್ಮ್ಯಾಟ್ ಮಾಡಿ ಹೋಗುತ್ತಾನೆ. ಅಲ್ಲಿಗೆ ಕಳ್ಳನ ಹೆಜ್ಜೆಗುರುತೂ ಅಳಿಸಿಹೋಗುತ್ತದೆ. ಮಾಡಬೇಕಾದ್ದು ಇಷ್ಟು: ನೆಟ್ ಕೇಬಲ್ ಕೀಳಿ, ಪರದೆಯ ಫೋಟೊ ತೆಗೆಯಿರಿ, ಡಿಸ್ಕ್ ಮುಟ್ಟದೆ ಠಾಣೆಗೆ ದೂರು ಕೊಡಿ. ಖಾತೆಯಿಂದ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಅಪರಾಧಿ ಜೈಲಿಗೆ ಹೋದ ಮಾತ್ರಕ್ಕೆ ಆ ಮಾಲೀಕರ ನಷ್ಟ ತುಂಬುವುದಿಲ್ಲ. ಅದಕ್ಕೆ ಬೇರೆ ದಾರಿಯಿದೆ, ಬಳಸುವವರು ಕಡಿಮೆ. 5 ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿಯನ್ನು ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಯೇ ನ್ಯಾಯನಿರ್ಣಯ ಅಧಿಕಾರಿಯಾಗಿ ಕೇಳುತ್ತಾರೆ. ಆದಷ್ಟು ನಾಲ್ಕು ತಿಂಗಳಲ್ಲಿ, ತಪ್ಪಿದರೆ ಆರು ತಿಂಗಳಲ್ಲಿ ಮುಗಿಸಬೇಕೆಂದು ನಿಯಮ ಹೇಳುತ್ತದೆ. ಕ್ರಿಮಿನಲ್ ಕೇಸು ನಡೆಯುತ್ತಿದ್ದರೂ ಈ ಅರ್ಜಿಗೆ ಅಡ್ಡಿಯಿಲ್ಲ.