ನ್ಯೂರೆಂಬರ್ಗ್ ನಗರದಲ್ಲಿ ಎರಡು ದಿನ

ಜರ್ಮನಿಯಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ಬರುವ ಹಿರಿಯರು ಇಂದು ವಿರಳರಲ್ಲ. ಅಂಥವರಿಗೆ ಎರಡು ದಿನದ ಬಿಡುವು ದೊರೆತರೆ ನ್ಯೂರೆಂಬರ್ಗ್ ನಗರವನ್ನು ನೋಡಬೇಕೆಂದು ನಾವು ಸೂಚಿಸುತ್ತೇವೆ. ಮ್ಯೂನಿಕ್‌ನಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ.

ಮೊದಲ ದಿನ ಹಳೆಯ ಪೇಟೆಗೆ ಮೀಸಲಿರಲಿ. ಬೆಳಿಗ್ಗೆ ಗುಡ್ಡದ ಮೇಲಿನ ಕೋಟೆಯನ್ನೂ, ಅದರ ಕೆಳಗೆ ಚಿತ್ರಕಾರ ಡ್ಯೂರರ್ 1509ರಿಂದ 1528ರವರೆಗೆ ಬಾಳಿದ ಮನೆಯನ್ನೂ ನೋಡಬಹುದು. ಏರುದಾರಿಗೆ ಕಲ್ಲು ಹಾಸಿರುವುದರಿಂದ ಗಟ್ಟಿಯಾದ ಪಾದರಕ್ಷೆ ಅವಶ್ಯ. ಮಧ್ಯಾಹ್ನ 12ಕ್ಕೆ ಮಾರುಕಟ್ಟೆ ಚೌಕದ ಚರ್ಚಿನ ಗಡಿಯಾರದಲ್ಲಿ ಏಳು ಗೊಂಬೆಗಳು ಚಕ್ರವರ್ತಿಗೆ ಪ್ರದಕ್ಷಿಣೆ ಬರುವುದನ್ನು ಮಕ್ಕಳು ಮರೆಯಲಾರರು. ಎಲ್ಲವೂ ಪುರಾತನವೆಂದು ತೋರಿದರೂ, 1945ರ ಜನವರಿ 2ರ ಬಾಂಬ್ ದಾಳಿಯಲ್ಲಿ ಈ ಪೇಟೆಯ ಬಹುಭಾಗ ನೆಲಸಮವಾಗಿ, ಮುಂದೆ ಮರಳಿ ಕಟ್ಟಲ್ಪಟ್ಟಿತು.

ಎರಡನೆಯ ದಿನವನ್ನು ಅಂಗಡಿಬೀದಿಗಳಲ್ಲಿಯೇ ಕಳೆಯುವುದು ಸಲ್ಲದು. ಯೆಹೂದ್ಯರ ಪೌರತ್ವವನ್ನು ಕಸಿದ ಕಾನೂನುಗಳು 1935ರಲ್ಲಿ ಘೋಷಿತವಾದದ್ದು ಇದೇ ಊರಿನಲ್ಲಿ. ನಾಜಿ ಮುಖಂಡರ ವಿಚಾರಣೆ 1945ರ ನವೆಂಬರಿನಲ್ಲಿ ಆರಂಭವಾದದ್ದೂ ಇಲ್ಲಿಯ ನ್ಯಾಯಾಲಯದ 600ನೆಯ ಕೋಣೆಯಲ್ಲಿ. 1946ರ ಅಕ್ಟೋಬರ್ 1ರಂದು ಅಲ್ಲಿ 12 ಮಂದಿಗೆ ಮರಣದಂಡನೆ ವಿಧಿಸಲಾಯಿತು. 2010ರಿಂದ ಆ ಕಟ್ಟಡದಲ್ಲಿ ಸ್ಮಾರಕ ಪ್ರದರ್ಶನವಿದೆ. ಅದರ ವಾರದ ರಜೆಯನ್ನು ಮೊದಲೇ ವಿಚಾರಿಸಿಕೊಂಡು ದಿನವನ್ನು ಗೊತ್ತುಮಾಡಬೇಕು.

ಹರೆಯದ ಮಕ್ಕಳು ಜೊತೆಗಿದ್ದರೆ ಅಲ್ಲಿಗೆ ಅವಶ್ಯವಾಗಿ ಕರೆದೊಯ್ಯಬೇಕು. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಮಾತು ಕಾನೂನಾದರೆ ಏನಾಗುವುದೆಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡು ತಿಳಿಯುವರು.