ಯು ಇಲ್ಲದ ಕ್ಯೂ

ಉಪನ್ಯಾಸಕರು ರಜೆಯಲ್ಲಿದ್ದ ಒಂದು ಪೀರಿಯಡ್‌ನಲ್ಲಿ ನಾವು ಕಪ್ಪು ಹಲಗೆಯ ಮೇಲೆ ವರ್ಡಲ್ ಆಡುತ್ತಿದ್ದೆವು. ಮೊಬೈಲಿನಲ್ಲಿ ಬರುವ ಆಟವೇ, ಸೀಮೆಸುಣ್ಣದಲ್ಲಿ. ಒಬ್ಬರು ಐದು ಅಕ್ಷರಗಳ ಒಂದು ಇಂಗ್ಲಿಷ್ ಪದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು; ಎದುರು ತಂಡ ಆರು ಪ್ರಯತ್ನದೊಳಗೆ ಅದನ್ನು ಕಂಡುಹಿಡಿಯಬೇಕು. ಹೆಸರುಪದ, ಅಂದರೆ ಊರು, ದೇಶ, ವ್ಯಕ್ತಿಗಳ ಹೆಸರು ನಡೆಯುವುದಿಲ್ಲ.

ನನ್ನ ಸರದಿಯಲ್ಲಿ ನಾನು ಇಟ್ಟ ಪದ ಕಿಬ್ಲಾ. ಕ್ಯೂ, ಐ, ಬಿ, ಎಲ್, ಎ. ಆರೂ ಪ್ರಯತ್ನ ಮುಗಿದರೂ ಯಾರಿಗೂ ಸಿಗಲಿಲ್ಲ. ಪದವನ್ನು ಹಲಗೆಯ ಮೇಲೆ ಬರೆದ ಕೂಡಲೇ ಗಲಾಟೆ ಎದ್ದಿತು. "ಕ್ಯೂ ಬಂದರೆ ಹಿಂದೆಯೇ ಯು ಬರಬೇಕು. ಇದು ಇಂಗ್ಲಿಷೇ ಅಲ್ಲ, ಅರಬಿ" ಎಂದರು. ಹಿಂದಿನ ಬೆಂಚಿನಿಂದ ಯಾರೋ "ಕನ್ನಡ ಮೀಡಿಯಂ ಅಲ್ವಾ, ಬಿಡ್ರೋ" ಎಂದರು. ಅಂಕ ಹೋಯಿತು. ಅಂಕಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. ಅವರೇ ಸರಿ ಇರಬೇಕು ಎಂದು ನನಗೂ ಅನ್ನಿಸಿದ್ದು ಇನ್ನೂ ಬೇಸರದ ವಿಷಯ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಇದು ಗೊತ್ತಿರುತ್ತದೆ: ಇಂಗ್ಲಿಷಿನ ವಿಷಯದಲ್ಲಿ ಯಾರು ಜೋರಾಗಿ ಹೇಳಿದರೂ ನಾವು ನಂಬಿಬಿಡುತ್ತೇವೆ.

ಸಂಜೆ ಲೈಬ್ರರಿಗೆ ಹೋಗಿ ದಪ್ಪ ಇಂಗ್ಲಿಷ್ ನಿಘಂಟು ತೆಗೆದೆ. ಕಿಬ್ಲಾ ಇತ್ತು, ಯು ಇಲ್ಲದೆಯೇ. ಅರ್ಥ ನಮಗೆಲ್ಲ ಗೊತ್ತಿರುವುದೇ: ನಮಾಜಿಗೆ ಮುಖ ಮಾಡುವ ದಿಕ್ಕು. ಹುಡುಕುತ್ತಾ ಹೋದ ಹಾಗೆ ಅದರ ಜೊತೆಗಾರರೂ ಸಿಕ್ಕಿದರು. ಫಕೀರ್, ನಿಕಾಬ್, ತಲಾಕ್, ಕನಾತ್, ಬುರ್ಕಾ. ಇಂಗ್ಲಿಷ್ ಕಾಗುಣಿತದಲ್ಲಿ ಎಲ್ಲವೂ ಐದೇ ಅಕ್ಷರ, ಎಲ್ಲದರಲ್ಲೂ ಕ್ಯೂ, ಯಾವುದರಲ್ಲೂ ಕ್ಯೂ ಹಿಂದೆ ಯು ಇಲ್ಲ. ಬುರ್ಕಾದಲ್ಲಿ ಯು ಇದೆ ನಿಜ, ಆದರೆ ಅದು ಎರಡನೇ ಮನೆಯಲ್ಲಿ ಕೂತಿದೆ. ಕ್ಯೂಗೂ ಅದಕ್ಕೂ ಸಂಬಂಧವಿಲ್ಲ.

ಸ್ಕ್ರ್ಯಾಬಲ್ ಆಡುವವರಿಗೆ ಇಂಥ ಪದಗಳು ಚಿನ್ನ. ಆ ಆಟದ 100 ಬಿಲ್ಲೆಗಳಲ್ಲಿ ಕ್ಯೂ ಒಂದೇ ಒಂದು, ಅದರ ಬೆಲೆ 10 ಅಂಕ. ಯು ಇರುವುದು ನಾಲ್ಕು. ಕೈಗೆ ಕ್ಯೂ ಬಂದು ಯು ಬಾರದಿದ್ದರೆ ಆಟಗಾರ ಪೇಚಿಗೆ ಸಿಕ್ಕ ಹಾಗೆ. ಆಗ ಫಕೀರ್ ಗೊತ್ತಿದ್ದವನಿಗೆ 17 ಅಂಕ, ಕಿಬ್ಲಾ, ನಿಕಾಬ್ ಗೊತ್ತಿದ್ದವನಿಗೆ 16. ಫಕೀರ್ ಎಂದರೆ ಅರಬಿಯಲ್ಲಿ ಬಡವ. ಆಟದಲ್ಲಿ ಇವರೆಲ್ಲರಿಗಿಂತ ಸಿರಿವಂತ ಅವನೇ!

ಹಾಗಾದರೆ ಹೈಸ್ಕೂಲಿನಲ್ಲಿ ಕಲಿತ ನಿಯಮ ಸುಳ್ಳೇ? ಸುಳ್ಳಲ್ಲ, ಆದರೆ ಅದು ಹುಟ್ಟಿದ್ದು ಇಂಗ್ಲಿಷಿನಲ್ಲಿ ಅಲ್ಲ. ಕ್ಯೂ ಜೊತೆ ಯು ಬರೆಯುವುದು ಲ್ಯಾಟಿನ್ ಪದ್ಧತಿ. ಹಳೆಯ ಇಂಗ್ಲಿಷಿನಲ್ಲಿ ಕ್ವೀನ್ ಎಂಬ ಪದವನ್ನು ಸಿ ಮತ್ತು ಡಬ್ಲ್ಯೂ ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ರೂಢಿಯ ಬರಹಗಾರರ ಕೈಯಲ್ಲಿ ಅದು ಕ್ಯೂ-ಯು ಆಯಿತು. ಲ್ಯಾಟಿನ್, ಫ್ರೆಂಚ್ ದಾರಿಯಲ್ಲಿ ಬಂದ ಪದಗಳಿಗೆ ಈ ನಿಯಮ ಸರಿ. ಬೇರೆ ದಾರಿಯಲ್ಲಿ ಬಂದ ಪದಗಳಿಗೆ ಅದು ಅನ್ವಯಿಸಬೇಕಿಲ್ಲ. ನಮ್ಮಲ್ಲಿ ಎಷ್ಟೋ ಜನರ ಅಣ್ಣಂದಿರು, ಚಿಕ್ಕಪ್ಪಂದಿರು ದುಡಿಯುವ ಕತಾರ್ ದೇಶದ ಹೆಸರೂ ಐದೇ ಅಕ್ಷರ, ಅದರಲ್ಲೂ ಯು ಇಲ್ಲ. ಅದನ್ನು ತಪ್ಪು ಎಂದವರನ್ನು ನಾನು ಕಂಡಿಲ್ಲ.

ಮೇಲಿನ ಪದಗಳಲ್ಲಿ ಕ್ಯೂ ನಿಂತಿರುವುದು ಅರಬಿಯ ಒಂದು ಅಕ್ಷರದ ಜಾಗದಲ್ಲಿ. ಮಕ್ತಬ್‌ನಲ್ಲಿ ಉಸ್ತಾದರು ಎರಡು ಕಾಫ್ ಹೇಳಿಕೊಟ್ಟದ್ದು ನೆನಪಿದೆಯಲ್ಲ? ಒಂದು ನಮ್ಮ ಕನ್ನಡದ ಕ. ಇನ್ನೊಂದು ಮೇಲೆ ಎರಡು ಚುಕ್ಕಿಯ ಕಾಫ್, ಗಂಟಲಿನ ಆಳದಿಂದ, ಕಿರುನಾಲಿಗೆಯ ಹತ್ತಿರದಿಂದ ಬರುವಂಥದ್ದು. ಒಂದರ ಬದಲು ಇನ್ನೊಂದು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಉಸ್ತಾದರು ಕೊಡುವ ಉದಾಹರಣೆ ಎಲ್ಲರಿಗೂ ಗೊತ್ತು: ಚುಕ್ಕಿಯ ಕಾಫ್‌ನಲ್ಲಿ ಕಲ್ಬ್ ಎಂದರೆ ಹೃದಯ, ಇನ್ನೊಂದರಲ್ಲಿ ನಾಯಿ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಬರೆಯುವ ವಿದ್ವಾಂಸರು ಈ ವ್ಯತ್ಯಾಸ ಉಳಿಸಿಕೊಳ್ಳಲು ಒಂದಕ್ಕೆ ಕೆ, ಇನ್ನೊಂದಕ್ಕೆ ಕ್ಯೂ ಬಳಸಿದರು.

ಆ ಆಯ್ಕೆ ಸುಮ್ಮನೆ ಮಾಡಿದ್ದಲ್ಲ. ಫಿನೀಷಿಯನ್ನರ ಲಿಪಿಯಲ್ಲಿ ಕೋಫ್ ಎಂಬ ಅಕ್ಷರವಿತ್ತು. ಅದು ಗ್ರೀಕರ ಮೂಲಕ ಲ್ಯಾಟಿನ್ನಿಗೆ ಹೋಗಿ ಕ್ಯೂ ಆಯಿತು. ಅರಮಾಯಿಕ್ ಮೂಲಕ ಅರಬಿಗೆ ಬಂದು ಚುಕ್ಕಿಯ ಕಾಫ್ ಆಯಿತು. ಕ್ಯೂ ಮತ್ತು ಕಾಫ್ ಒಂದೇ ಮನೆಯ ಮಕ್ಕಳು. ಇದನ್ನು ಓದಿದ ದಿನ ನನ್ನ ಹೋದ ಅಂಕ ವಾಪಸ್ ಬಂದಷ್ಟು ಸಂತೋಷವಾಯಿತು.

ಕಾಫ್ ಇದ್ದ ಅರಬಿ ಪದಗಳೆಲ್ಲ ಇಂಗ್ಲಿಷಿನಲ್ಲಿ ಕ್ಯೂ ಉಳಿಸಿಕೊಂಡಿಲ್ಲ. ಕಹ್ವಾ ತುರ್ಕಿಯವರ, ಡಚ್ಚರ ಬಾಯಿ ದಾಟಿ ಕಾಫಿ ಆಯಿತು. ಹತ್ತಿಯ ಅರಬಿ ಹೆಸರು ಕುತ್ನ್ ಕಾಟನ್ ಆಯಿತು. ಚಿನ್ನ ತೂಗುವ ಕೀರಾತ್ ಕ್ಯಾರಟ್ ಆಯಿತು. ಇವು ವ್ಯಾಪಾರಿಗಳ ಸರಕಿನ ಜೊತೆ ಹೋದವು, ದಾರಿಯುದ್ದಕ್ಕೂ ವೇಷ ಬದಲಿಸಿದವು. ಈಗ ಎಲ್ಲದರಲ್ಲೂ ಸಿ. ಇವುಗಳನ್ನು ಅರಬಿ ಎಂದು ಯಾರೂ ಹಲಗೆಯಿಂದ ಅಳಿಸುವುದಿಲ್ಲ. ಕಿಬ್ಲಾ, ನಿಕಾಬ್ ಪುಸ್ತಕದಿಂದ ಪುಸ್ತಕಕ್ಕೆ ಹೋದಂಥವು, ಹಾಗಾಗಿ ಮೂಲದ ಅಕ್ಷರದ ಗುರುತು ಉಳಿದಿದೆ. ಫಕೀರ್, ಬುರ್ಕಾ ಪದಗಳನ್ನು ಕೆ ಹಾಕಿ ಬರೆಯುವುದೂ ಇದೆ, ಎರಡೂ ನಿಘಂಟಿನಲ್ಲಿ ಸಿಗುತ್ತವೆ. ಪರೀಕ್ಷೆಯಲ್ಲಿ ಒಂದೇ ಉತ್ತರದೊಳಗೆ ಎರಡನ್ನೂ ಬೆರೆಸದಿದ್ದರೆ ಸಾಕು.

ಇನ್ನು ನಮ್ಮ ಮನೆಯ ಕಥೆ. ದಖನಿ ಮಾತಾಡುವ ನಮ್ಮ ದಾದಿಗೆ ಈ ಕಾಫ್ ಬರುವುದೇ ಇಲ್ಲ. ಅವರ ಬಾಯಲ್ಲಿ ಕಲಮ್ ಖಲಮ್, ಕಿಬ್ಲಾ ಖಿಬ್ಲಾ. ಅದು ಅವರೊಬ್ಬರ ತಪ್ಪಲ್ಲ, ದಖನಿಯ ರೀತಿಯೇ ಹಾಗೆ. ಕನ್ನಡ ಪತ್ರಿಕೆಗಳು ಬುರ್ಖಾ, ತಲಾಖ್ ಎಂದು ಖ ಹಾಕಿ ಅಚ್ಚು ಮಾಡುವುದನ್ನು ನೋಡಿದಾಗೆಲ್ಲ ನನಗೆ ದಾದಿಯ ದನಿಯೇ ಕೇಳಿಸುತ್ತದೆ.

ಕನಾತ್ ಮಾತ್ರ ನನಗೆ ಮೊದಲು ಗೊತ್ತಿರಲಿಲ್ಲ. ಇಳಿಜಾರಿನ ನೆಲದೊಳಗೆ ಸುರಂಗ ತೋಡಿ, ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಬಿಟ್ಟು, ಅಂತರ್ಜಲವನ್ನು ದೂರದ ಊರಿಗೆ ಹರಿಸುವ ಇರಾನಿನ ವ್ಯವಸ್ಥೆ ಅದು. ಪಂಪು ಬೇಡ, ಇಳಿಜಾರೇ ನೀರನ್ನು ಒಯ್ಯುತ್ತದೆ. ಇದನ್ನು ನೋಡಲು ಇರಾನಿಗೇ ಹೋಗಬೇಕಿಲ್ಲ. ಬಹಮನಿ ಕಾಲದ್ದೊಂದು ಬೀದರಿನ ನೌಬಾದ್ ಬಳಿ ಇದೆ. ಅಲ್ಲಿ ಅದಕ್ಕೆ ಕರೇಜ್ ಎನ್ನುತ್ತಾರೆ, ಸುರಂಗ ಬಾವಿ ಎಂದೂ ಕರೆಯುತ್ತಾರೆ.

ನಿಘಂಟನ್ನು ಮರುದಿನ ಕ್ಲಾಸಿಗೇ ತಂದು ತೋರಿಸಿದೆ. ಅಂಕ ವಾಪಸ್ ಕೊಟ್ಟರು. ಹಿಂದಿನ ಬೆಂಚಿನವನು ಪುಟವನ್ನು ಎರಡು ಸಲ ತಿರುವಿ ನೋಡಿ, ಏನೂ ಹೇಳದೆ ಪುಸ್ತಕ ತನ್ನ ಹತ್ತಿರವೇ ಇಟ್ಟುಕೊಂಡ. ಕಳೆದ ವಾರ ಅವನ ಸರದಿ ಬಂದಾಗ ಅವನು ಇಟ್ಟ ಪದ ಕನಾತ್. ಮೊದಲನೇ ಮನೆಯಲ್ಲಿ ಕ್ಯೂ ಇದೆ ಎಂಬುದು ಎರಡನೇ ಪ್ರಯತ್ನಕ್ಕೇ ತಿಳಿದಿತ್ತು. ಉಳಿದ ನಾಲ್ಕನ್ನೂ ನಾನು ಯು ಹಾಕಿ ಹಾಕಿಯೇ ಕಳೆದೆ.