ಕಾತ್ರಜದ ಹಳ್ಳ ಮತ್ತು ಕಾಣೆಯಾದವರ ಲೆಕ್ಕ: ಒಂದು ವಿವೇಚನೆ

೧

ಮಹಾಪೂರದ ಅನಂತರ ಸರ್ಕಾರವು ಎರಡು ಸಂಖ್ಯೆಗಳನ್ನು ಪ್ರಕಟಿಸುವುದು ವಾಡಿಕೆ. ಒಂದು ಮೃತರದು, ಇನ್ನೊಂದು ಕಾಣೆಯಾದವರದು. ಮೊದಲನೆಯದು ದಾಖಲೆಯಲ್ಲಿ ನೆಲೆ ನಿಲ್ಲುತ್ತದೆ; ಎರಡನೆಯದು ದಿನದಿನಕ್ಕೆ ಕಿರಿದಾಗುತ್ತ ಕೊನೆಗೆ ವರದಿಗಳಿಂದಲೇ ಮರೆಯಾಗುತ್ತದೆ. ಕಾಣೆಯಾದವರಲ್ಲಿ ಕೆಲವರು ಜೀವಂತವಾಗಿ ಮನೆ ಸೇರುತ್ತಾರೆ, ಕೆಲವರ ದೇಹ ಸಿಕ್ಕುತ್ತದೆ. ಈ ಎರಡು ಗುಂಪಿಗೂ ಸೇರದವರ ಗತಿಯೇನು, ಅವರ ಕುಟುಂಬಗಳಿಗೆ ಆಡಳಿತವೂ ಕಾನೂನೂ ಕೊಡುವ ಉತ್ತರವೇನು ಎಂಬುದನ್ನು ಪುಣೆಯ ದಕ್ಷಿಣ ಅಂಚಿನ ಕಾತ್ರಜವನ್ನು ಕೇಂದ್ರವಾಗಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾತ್ರಜವನ್ನು ಆರಿಸಿಕೊಂಡುದಕ್ಕೆ ಕಾರಣಗಳುಂಟು. ಬೆಂಗಳೂರು, ಬೆಳಗಾವಿಗಳ ಕಡೆಯಿಂದ ಬರುವ ಹೆದ್ದಾರಿ ಪುಣೆಯನ್ನು ಪ್ರವೇಶಿಸುವುದು ಇಲ್ಲಿಯೇ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆಂದು ಬರುವ ಕನ್ನಡ ಕುಟುಂಬಗಳು ಪುಣೆಯ ಇಂಥ ಅಂಚುಗಳಲ್ಲಿಯೇ ಗುಡಿಸಲು ಹಾಕಿಕೊಳ್ಳುತ್ತವೆ. ಇಲ್ಲಿಯ ನೀರು ಕೊನೆಗೆ ಹರಿದು ಹೋಗುವುದೂ ಕನ್ನಡ ನಾಡಿಗೇ. ಹೊರನಾಡಿನ ಸಂಶೋಧಕರಿಗೆ ಈ ಕೊನೆಯ ಸಂಗತಿ ಪರಿಚಿತವಲ್ಲದಿರಬಹುದಾದ್ದರಿಂದ ಅದನ್ನು ಮೊದಲು ವಿವರಿಸುತ್ತೇವೆ.

೨

ಕಾತ್ರಜ ಘಾಟದ ಗುಡ್ಡಸಾಲು ಒಂದು ಜಲವಿಭಾಜಕ. ಅದರ ಉತ್ತರದ ಇಳಿಜಾರಿನ ಮಳೆನೀರು ಕಾತ್ರಜದ ಕೆರೆಗಳಿಗೆ ಇಳಿದು, ಅಲ್ಲಿಂದ ಮರಾಠಿಯಲ್ಲಿ ‘ಆಂಬಿಲ ಓಢಾ’ ಎಂದು ಕರೆಯಲಾಗುವ ಹಳ್ಳವಾಗಿ ಪದ್ಮಾವತಿ, ಸಹಕಾರನಗರ, ಪರ್ವತಿಯ ಬುಡ, ದಾಂಡೇಕರ ಸೇತುವೆಗಳ ಮೂಲಕ ಸಾಗಿ ಮುಠಾ ನದಿಯನ್ನು ಸೇರುತ್ತದೆ. ದಕ್ಷಿಣದ ಇಳಿಜಾರಿನ ನೀರು ಖೇಡ ಶಿವಾಪುರದ ಬಳಿಯ ಶಿವಗಂಗಾ ಹೊಳೆಯ ಮೂಲಕ ನೀರಾ ನದಿಯ ಕಡೆಗೆ ಹೋಗುತ್ತದೆ. ಮುಠಾ, ನೀರಾ ಎರಡೂ ಬೇರೆ ಬೇರೆ ದಾರಿಯಿಂದ ಭೀಮೆಯನ್ನು ಸೇರುತ್ತವೆ. ಭೀಮೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾದು ಕೃಷ್ಣೆಯಲ್ಲಿ ಒಂದಾಗುತ್ತದೆ.

ಕಾತ್ರಜದ ಕೆರೆ ಪೇಶ್ವೆಯರ ಕಾಲದ್ದು. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ನಾನಾಸಾಹೇಬ ಪೇಶ್ವೆಯು ಇಲ್ಲಿ ಕಟ್ಟೆ ಹಾಕಿಸಿ, ನೆಲದಡಿಯ ಕಲ್ಲುಕಾಲುವೆಯ ಮೂಲಕ ಶನಿವಾರವಾಡೆಗೂ ಪೇಟೆಯ ಹೌದುಗಳಿಗೂ ನೀರು ಒಯ್ಯಿಸಿದನು. ಆಂಬಿಲ ಹಳ್ಳದ ಕೆಳಪಾತ್ರವನ್ನು ಊರಿನೊಳಗಿಂದ ಪಶ್ಚಿಮಕ್ಕೆ ತಿರುಗಿಸಿದವನೂ ಅವನೇ. ಹಳ್ಳ ತಿರುಗಿದರೂ ಮಳೆಯ ಪ್ರಮಾಣ ತಿರುಗಲಿಲ್ಲ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದ ದತ್ತಿಯ ಜೊತೆಗೆ ಅದರ ದುರಸ್ತಿಗೆ ಬಿಟ್ಟ ಭೂಮಿಯ ಉಲ್ಲೇಖವೂ ಮತ್ತೆ ಮತ್ತೆ ಬರುತ್ತದೆ. ಕೆರೆಯೆಂಬುದು ಏರಿ, ತೂಬು, ಕೋಡಿ, ಕೋಡಿಯ ಕೆಳಗಿನ ಹಳ್ಳ ಇವೆಲ್ಲವೂ ಸೇರಿದ ಒಂದು ವ್ಯವಸ್ಥೆ ಎಂಬ ತಿಳಿವಳಿಕೆ ಅಲ್ಲಿದೆ. ಕಾತ್ರಜದಲ್ಲಿ ಕೆರೆ ಉಳಿಯಿತು. ಕೋಡಿಯ ಕೆಳಗಿನ ಹಳ್ಳವು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಎರಡೂ ದಡಗಳ ಕಟ್ಟಡಗಳ ನಡುವೆ ಇಕ್ಕಟ್ಟಾಯಿತು.

೩

ಪುಣೆಯ ನೆನಪಿನಲ್ಲಿ ‘ಪೂರ’ ಎಂದರೆ ಇಂದಿಗೂ ೧೯೬೧ರ ಜುಲೈ ೧೨. ಮುಠೆಯ ಉಪನದಿಯಾದ ಅಂಬಿಯ ಮೇಲೆ ಕಟ್ಟಲಾಗುತ್ತಿದ್ದ ಪಾನಶೇತ್ ಮಣ್ಣಿನ ಅಣೆಕಟ್ಟು, ಕಾಮಗಾರಿ ಪೂರ್ಣವಾಗುವ ಮೊದಲೇ ತುಂಬಿದ ನೀರಿಗೆ ಅಂದು ಒಡೆಯಿತು. ಸೈನಿಕರು ಮರಳುಚೀಲಗಳನ್ನು ಪೇರಿಸಿ ಅದನ್ನು ಉಳಿಸಲು ಹೆಣಗಿದ್ದರು. ಆ ನೀರಿನ ಹೊಡೆತಕ್ಕೆ ಕೆಳಗಿನ ಹಳೆಯ ಖಡಕವಾಸಲಾ ಅಣೆಕಟ್ಟೂ ಅದೇ ದಿನ ಒಡೆದು ನದೀತೀರದ ಪೇಟೆಗಳು ಮುಳುಗಿದವು. ಮುಖ್ಯಮಂತ್ರಿ ಯಶವಂತರಾವ್ ಚವಾಣರ ಸರ್ಕಾರ ನ್ಯಾಯಾಂಗ ವಿಚಾರಣಾ ಆಯೋಗವನ್ನು ನೇಮಿಸಿತು. ನ್ಯಾಯಮೂರ್ತಿ ಬಾವಡೇಕರರ ಮರಣಾನಂತರ ನ್ಯಾಯಮೂರ್ತಿ ನಾಯಕರು ಆ ಕಾರ್ಯವನ್ನು ಮುಂದುವರಿಸಿದರು. ನಿರಾಶ್ರಿತರಿಗಾಗಿ ಗೋಖಲೆನಗರ, ಸಹಕಾರನಗರ ಮೊದಲಾದ ವಸತಿಗಳು ಬೆಳೆದವು.

ಈ ದುರಂತದಲ್ಲಿ ಕಟ್ಟಡಗಳ ಹಾನಿಯ ಲೆಕ್ಕ ಮನೆಮನೆಯದಾಗಿ ಸಿಕ್ಕುವಷ್ಟು ಖಚಿತವಾಗಿ ಮನುಷ್ಯರ ಲೆಕ್ಕ ಸಿಕ್ಕುವುದಿಲ್ಲ. ಸಾವಿರ ಎಂಬ ಅಂಕಿ ಜನರ ಬಾಯಲ್ಲಿ ನಿಂತಿದೆಯಾದರೂ ಅದರ ಬಗ್ಗೆ ಒಮ್ಮತವಿಲ್ಲ. ಮನೆಗೆ ಗೋಡೆ ಗುರುತು ಇರುತ್ತದೆ, ತೆರಿಗೆಯ ದಾಖಲೆ ಇರುತ್ತದೆ. ಬಾಡಿಗೆಯ ಕೋಣೆಯಲ್ಲಿ ಹೆಸರು ಬರೆಸದೆ ಇದ್ದವನಿಗೆ ಎರಡೂ ಇಲ್ಲ. ಪೂರದಿಂದ ತೊಂದರೆಗೊಳಗಾದವರಿಗೆಂದು ಬೆಳೆದ ಆ ಸಹಕಾರನಗರದ ಪಕ್ಕದಲ್ಲಿಯೇ ಆಂಬಿಲ ಹಳ್ಳ ಹರಿಯುತ್ತದೆಂಬುದು ಮುಂದಿನ ಘಟನೆಯ ದೃಷ್ಟಿಯಿಂದ ಗಮನಾರ್ಹ.

೪

೨೦೧೯ರ ಮಳೆಗಾಲ ಪುಣೆಯ ಪಾಲಿಗೆ ಮೂರು ಬಾರಿ ಸಾವನ್ನು ತಂದಿತು. ಜೂನ್ ೨೯ರಂದು ಕಾತ್ರಜಕ್ಕೆ ಸಮೀಪದ ಕೋಂಢವಾದಲ್ಲಿ ಆವರಣದ ಗೋಡೆ ಕುಸಿದು ಕಾರ್ಮಿಕರ ಗುಡಿಸಲುಗಳ ಮೇಲೆ ಬಿದ್ದಿತು. ಹದಿನೈದು ಜನ ಸತ್ತರು. ಜುಲೈ ೨ರಂದು ಕಾತ್ರಜದ ಪಕ್ಕದ ಆಂಬೇಗಾಂವದಲ್ಲಿ ಅದೇ ರೀತಿಯಾಗಿ ಇನ್ನೊಂದು ಗೋಡೆ ಕುಸಿದು ಆರು ಜನ ಸತ್ತರು. ಎರಡೂ ಕಡೆ ಸತ್ತವರು ಹೊರರಾಜ್ಯಗಳಿಂದ ದುಡಿಯಲು ಬಂದವರೇ.

ಮೂರನೆಯದು ಸೆಪ್ಟೆಂಬರ್ ೨೫ರ ರಾತ್ರಿಯ ಪೂರ. ಕಾತ್ರಜದ ಗುಡ್ಡಗಳ ಮೇಲೂ ದಕ್ಷಿಣ ಪುಣೆಯ ಮೇಲೂ ಕೆಲವೇ ತಾಸುಗಳಲ್ಲಿ ಸುರಿದ ಮಳೆಯಿಂದ ಆಂಬಿಲ ಹಳ್ಳ ದಡ ಮೀರಿತು. ಅರಣ್ಯೇಶ್ವರ ಭಾಗದ ಟಾಂಗೇವಾಲಾ ಕಾಲನಿಯಲ್ಲಿ ಗೋಡೆ ಕುಸಿದು ಜನ ಸತ್ತರು. ವಸತಿಗಳ ಆವರಣದಲ್ಲಿ ನಿಂತ ವಾಹನಗಳು ಒಂದರ ಮೇಲೊಂದು ಬಿದ್ದವು. ಹಳ್ಳದ ಬದಿಯಲ್ಲಿ ಕಟ್ಟಿದ್ದ ದನಗಳು ಕೊಚ್ಚಿಹೋದವು. ಘಾಟದ ಆಚೆ, ಬೆಂಗಳೂರು ಹೆದ್ದಾರಿಯ ಖೇಡ ಶಿವಾಪುರದಲ್ಲಿ ದರ್ಗಾದಲ್ಲಿ ಮಲಗಿದ್ದ ಐವರನ್ನು ನೀರು ಸೆಳೆದೊಯ್ದಿತು. ಪುರಂದರ ತಾಲ್ಲೂಕಿನ ನಾಝರೆ ಅಣೆಕಟ್ಟಿನಿಂದ ಕರ್ಹಾ ನದಿಗೆ ನೀರು ಬಿಡಬೇಕಾಗಿ ಬಂದು ಬಾರಾಮತಿಯ ತಗ್ಗುಪ್ರದೇಶದ ಜನರನ್ನು ರಾತ್ರೋರಾತ್ರಿ ಸ್ಥಳಾಂತರಿಸಲಾಯಿತು. ಮರುದಿನ ಪುಣೆಯಲ್ಲಿಯೂ ಸುತ್ತಲಿನ ತಾಲ್ಲೂಕುಗಳಲ್ಲಿಯೂ ಶಾಲೆಗಳಿಗೆ ರಜೆ ಸಾರಲಾಯಿತು. ಮೊದಲ ದಿನ ಹನ್ನೆರಡರ ಆಸುಪಾಸಿನಲ್ಲಿದ್ದ ಮೃತರ ಸಂಖ್ಯೆ ಕೆಲವೇ ದಿನಗಳಲ್ಲಿ ಇಪ್ಪತ್ತನ್ನು ದಾಟಿತು. ಈ ಏರಿಕೆಯ ಬಹುಭಾಗ ಕಾಣೆಯಾದವರ ಪಟ್ಟಿಯಿಂದ ಮೃತರ ಪಟ್ಟಿಗೆ ಹೆಸರುಗಳು ದಾಟಿದ್ದರ ಫಲ.

ಸೆಪ್ಟೆಂಬರ್ ೨೧ರಂದೇ ವಿಧಾನಸಭಾ ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಯಲ್ಲಿತ್ತು. ಪರಿಹಾರಕಾರ್ಯದ ಹೊಣೆ ಹೆಚ್ಚಾಗಿ ಜಿಲ್ಲಾಡಳಿತ, ಮಹಾನಗರಪಾಲಿಕೆ, ಅಗ್ನಿಶಾಮಕ ದಳಗಳ ಮೇಲೆ ಬಿತ್ತು. ತಳೇಗಾಂವದ ಬಳಿ ನೆಲೆಯಿರುವ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯೂ ಬಂದಿತು. ಅನಂತರದ ವರ್ಷಗಳಲ್ಲಿ ಹಳ್ಳವನ್ನು ಅಗಲಗೊಳಿಸುವ ಯೋಜನೆ ರೂಪುಗೊಂಡಿತು. ಅದರ ಅಂಗವಾಗಿ ೨೦೨೧ರ ಜೂನ್ ೨೪ರಂದು ದಾಂಡೇಕರ ಸೇತುವೆಯ ಬಳಿ ಮನೆಗಳನ್ನು ಕೆಡವಲು ತೊಡಗಿದಾಗ ನಿವಾಸಿಗಳು ಪ್ರತಿಭಟಿಸಿದರು, ನ್ಯಾಯಾಲಯ ತಡೆಯಾಜ್ಞೆ ನೀಡಿತು. ಹಳ್ಳಕ್ಕೆ ಜಾಗ ಬಿಡಬೇಕೆಂಬುದು ನಿಜ. ಆದರೆ ಜಾಗ ಬಿಡುವ ಸರದಿ ಮೊದಲು ಬಂದದ್ದು ಗುಡಿಸಲಿಗೆ ಎಂಬುದೂ ನಿಜ.

೫

ಶೋಧಕಾರ್ಯದ ಸ್ವರೂಪವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಕೊಚ್ಚಿಹೋದ ದೇಹ ಮೊದಲು ಮುಳುಗುತ್ತದೆ. ಕೊಳೆಯುವಿಕೆಯಿಂದ ವಾಯು ತುಂಬಿಕೊಂಡ ಮೇಲೆ ತೇಲುತ್ತದೆ. ಆದ್ದರಿಂದ ಮೊದಲ ದಿನ ಸೇತುವೆಯ ಕಂಬಗಳು, ಮೋರಿಗಳು, ಮುಳ್ಳುಕಂಟಿಗಳು, ಹೂಳು ಇವುಗಳಲ್ಲಿ ಹುಡುಕಾಟ ನಡೆದರೆ, ಎರಡು ಮೂರು ದಿನಗಳ ಅನಂತರ ಅದು ನದಿಯ ಕೆಳಭಾಗಕ್ಕೆ ಸರಿಯುತ್ತದೆ. ಈ ಸರಿಯುವಿಕೆಯೊಂದಿಗೆ ಪೊಲೀಸ್ ಠಾಣೆಯ ಸರಹದ್ದೂ ಬದಲಾಗುತ್ತದೆ. ಕಾಣೆಯಾದ ದೂರು ಒಂದು ಠಾಣೆಯಲ್ಲಿ, ಅಪರಿಚಿತ ಶವದ ಪಂಚನಾಮೆ ಇನ್ನೊಂದರಲ್ಲಿ. ಅಪಘಾತದ ಸಾವಿನ ವಿಚಾರಣೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ ೧೭೪ನೆಯ ಕಲಮಿನಂತೆ, ೨೦೨೪ರ ಜುಲೈ ೧ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೯೪ನೆಯ ಕಲಮಿನಂತೆ ನಡೆಯುತ್ತದೆ. ಆ ಎರಡು ಕಾಗದಗಳು ಒಂದನ್ನೊಂದು ಸೇರಿದಾಗ ಮಾತ್ರ ಕಾಣೆಯಾದವನು ಮೃತನಾಗುತ್ತಾನೆ.

ಶೋಧ ಎಷ್ಟು ದಿನ ನಡೆಯಬೇಕೆಂಬುದು ಹೊರಗಿನ ಒತ್ತಾಯವನ್ನೂ ಅವಲಂಬಿಸಿರುತ್ತದೆ. ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ೨೦೨೪ರ ಜುಲೈ ೧೬ರಂದು ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಗಂಗಾವಳಿ ನದಿಯ ಪಾಲಾದರು. ಅವರಲ್ಲಿ ಕೇರಳದ ಲಾರಿ ಚಾಲಕನೊಬ್ಬನಿದ್ದನು. ಆ ರಾಜ್ಯದ ಜನರೂ ಪತ್ರಿಕೆಗಳೂ ಬೆನ್ನುಹತ್ತಿದ್ದರಿಂದ ನಡುನಡುವೆ ನಿಂತ ಶೋಧವನ್ನು ಪೂರ್ತಿ ಕೈಬಿಡದೆ, ಗೋವೆಯಿಂದ ಹೂಳೆತ್ತುವ ಯಂತ್ರ ತರಿಸಿ, ಎಪ್ಪತ್ತೊಂದು ದಿನಗಳ ಬಳಿಕ ಸೆಪ್ಟೆಂಬರ್ ೨೫ರಂದು ಲಾರಿಯೂ ದೇಹಾವಶೇಷವೂ ದೊರೆತವು. ಕೇಳುವವರು ಗಟ್ಟಿಯಾಗಿ ಕೇಳಿದರೆ ನದಿಯ ತಳವನ್ನೂ ಹುಡುಕಬಹುದೆಂದು ಈ ಪ್ರಕರಣ ತೋರಿಸಿತು. ಕೇಳುವವರಿಲ್ಲದಿದ್ದರೆ ಏನಾಗಬಹುದೆಂಬ ಪ್ರಶ್ನೆಯನ್ನೂ ಅದು ಎತ್ತುತ್ತದೆ.

೬

ದೇಹ ಸಿಕ್ಕದಿದ್ದರೆ ಮರಣವನ್ನು ಹೇಗೆ ನಿರ್ಣಯಿಸಬೇಕು? ಪ್ರಶ್ನೆ ಹಳೆಯದು. ಧರ್ಮಶಾಸ್ತ್ರಕಾರರು ಇದನ್ನು ಚರ್ಚಿಸಿ, ಬಹುಕಾಲ ಸುದ್ದಿಯಿಲ್ಲದವನಿಗೆ ಮುತ್ತುಗದ ಎಲೆಕಡ್ಡಿಗಳ ಪ್ರತಿಕೃತಿ ಮಾಡಿ ದಹಿಸುವ ವಿಧಿಯನ್ನು ಹೇಳಿದ್ದಾರೆ. ಕಾಯಬೇಕಾದ ಅವಧಿ ಹನ್ನೆರಡು ವರ್ಷವೆಂಬುದು ಪ್ರಸಿದ್ಧ ಮತ. ವಯಸ್ಸಿಗನುಗುಣವಾಗಿ ಬೇರೆ ಅವಧಿಗಳನ್ನು ಹೇಳುವವರೂ ಉಂಟು. ನಮ್ಮ ವೀರಗಲ್ಲು ಸಮಾಧಿಯಲ್ಲ. ಅದರ ಕೆಳಗೆ ದೇಹವಿರಬೇಕೆಂಬ ನಿಯಮವಿಲ್ಲ. ದೂರದಲ್ಲಿ ಅಳಿದವನ ಹೆಸರನ್ನು ಅವನ ಊರು ಕಲ್ಲಿನಲ್ಲಿ ನಿಲ್ಲಿಸಬಹುದಿತ್ತು. ಶಾಸನಗಳ ‘ಪರೋಕ್ಷವಿನಯ’ ಎಂಬ ಪದವೂ ಕಣ್ಣೆದುರಿಗಿಲ್ಲದವರಿಗೆ ಸಲ್ಲಿಸುವ ಕರ್ತವ್ಯವನ್ನೇ ಸೂಚಿಸುತ್ತದೆ.

ಆಧುನಿಕ ಕಾನೂನು ಈ ಅವಧಿಯನ್ನು ಏಳು ವರ್ಷಕ್ಕೆ ಇಳಿಸಿತು. ೧೮೭೨ರ ಸಾಕ್ಷ್ಯ ಅಧಿನಿಯಮದ ೧೦೮ನೆಯ ಕಲಮಿನಲ್ಲಿದ್ದ ಈ ನಿಯಮ ಭಾರತೀಯ ಸಾಕ್ಷ್ಯ ಅಧಿನಿಯಮ ೨೦೨೩ರ ೧೧೧ನೆಯ ಕಲಮಾಗಿ ಮುಂದುವರಿದಿದೆ. ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಸುದ್ದಿಯಿಲ್ಲದಿದ್ದರೆ, ಅವನು ಬದುಕಿದ್ದಾನೆಂದು ಹೇಳುವವನೇ ಅದನ್ನು ರುಜುವಾತುಪಡಿಸಬೇಕು. ಇದು ಕೇವಲ ಸಾಕ್ಷ್ಯದ ನಿಯಮ. ಸಂದರ್ಭಗಳ ಆಧಾರದಿಂದ ಅದಕ್ಕೆ ಮೊದಲೇ ಮರಣವನ್ನು ಸಿದ್ಧಪಡಿಸಲು ಅಡ್ಡಿಯಿಲ್ಲ. ಆದರೆ ಹಾಗೆ ಸಿದ್ಧಪಡಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು.

ಈ ನಡುವಿನ ಕಾಲದಲ್ಲಿ ಕುಟುಂಬದ ಸ್ಥಿತಿ ಕಠಿಣ. ವಿಪತ್ತು ಸ್ಪಂದನಾ ನಿಧಿಯ ನಿಯಮಗಳಂತೆ ೨೦೧೫ರಿಂದ ಮೃತರ ವಾರಸುದಾರರಿಗೆ ನಾಲ್ಕು ಲಕ್ಷ ರೂಪಾಯಿ ಸಲ್ಲಬೇಕು. ಅದಕ್ಕೆ ಸಾವಿನ ಕಾರಣದ ಅಧಿಕೃತ ಪ್ರಮಾಣಪತ್ರ ಬೇಕು. ಪ್ರಮಾಣಪತ್ರವಿಲ್ಲದೆ ಬ್ಯಾಂಕಿನ ಹಣ, ವಿಮೆ, ವಿಧವಾ ವೇತನ, ಜಮೀನಿನ ಖಾತೆ ಬದಲಾವಣೆ ಒಂದೂ ಸಾಗುವುದಿಲ್ಲ. ಹೆಂಡತಿ ವಿಧವೆಯೂ ಅಲ್ಲ, ಮುತ್ತೈದೆಯೂ ಅಲ್ಲ ಎಂಬಂತಾಗುತ್ತದೆ.

ದೊಡ್ಡ ದುರಂತಗಳಲ್ಲಿ ಸರ್ಕಾರಗಳೇ ಇದಕ್ಕೆ ದಾರಿ ಹುಡುಕಿವೆ. ೨೦೧೩ರ ಜೂನಿನ ಉತ್ತರಾಖಂಡ ಪ್ರಳಯದ ಅನಂತರ ಕಾಣೆಯಾದವರ ವಾಸಸ್ಥಳದಲ್ಲಿ ದೂರು ಪಡೆದು, ನಿಯುಕ್ತ ಅಧಿಕಾರಿ ವಿಚಾರಣೆ ನಡೆಸಿ, ಹೆಸರುಗಳನ್ನು ಪ್ರಕಟಿಸಿ, ಆಕ್ಷೇಪಣೆಗೆ ಅವಧಿ ಕೊಟ್ಟು, ಏಳು ವರ್ಷ ಕಾಯದೆ ಮರಣ ಪ್ರಮಾಣಪತ್ರ ಕೊಡುವ ವಿಶೇಷ ಕ್ರಮ ಜಾರಿಗೆ ಬಂದಿತು. ೨೦೨೪ರ ಜುಲೈ ೩೦ರ ವಯನಾಡು ಭೂಕುಸಿತದಲ್ಲಿ ಕಾಣೆಯಾದ ೩೨ ಜನರನ್ನು ಮೃತರೆಂದು ಪರಿಗಣಿಸಲು ಕೇರಳ ಸರ್ಕಾರ ೨೦೨೫ರ ಜನವರಿಯಲ್ಲಿ ಕ್ರಮ ಕೈಗೊಂಡಿತು. ಇವು ಸ್ವಾಗತಾರ್ಹವೇ. ಆದರೆ ಇವು ಆಯಾ ದುರಂತಕ್ಕೆ ಸೀಮಿತವಾದ ಕ್ರಮಗಳು. ಸಾವಿರಾರು ಜನರೊಡನೆ ಕಾಣೆಯಾದವನಿಗೆ ದೊರೆಯುವ ಸೌಲಭ್ಯ ಒಂದು ಹಳ್ಳದಲ್ಲಿ ಒಬ್ಬನೇ ಕೊಚ್ಚಿಹೋದವನಿಗೂ ಏಕೆ ತಾನಾಗಿಯೇ ದೊರೆಯಬಾರದು?

೭

ಕೊನೆಯದಾಗಿ ಒಂದು ಪದವನ್ನು ಪರಿಶೀಲಿಸಬಹುದು. ಕಾಣೆಯಾದವನಿಗೆ ಮರಾಠಿಯಲ್ಲಿ ‘ಬೇಪತ್ತಾ’ ಎನ್ನುತ್ತಾರೆ, ಕನ್ನಡದಲ್ಲಿ ‘ನಾಪತ್ತೆ’. ‘ಬೇ’, ‘ನಾ’ ಎರಡೂ ಫಾರ್ಸಿಯಿಂದ ಬಂದ ನಿಷೇಧಾರ್ಥಕ ಉಪಸರ್ಗಗಳು. ಉಳಿದ ಭಾಗ ಎರಡು ಭಾಷೆಗಳಲ್ಲೂ ಒಂದೇ. ಆದರೆ ಕನ್ನಡದ ‘ಪತ್ತೆ’ಗೆ ಸುಳಿವು ಎಂಬ ಅರ್ಥ ಮುಖ್ಯ, ಮರಾಠಿಯ ‘ಪತ್ತಾ’ ಎಂಬುದಕ್ಕೆ ವಿಳಾಸವೆಂಬ ಅರ್ಥವೂ ಬಳಕೆಯಲ್ಲಿದೆ. ಕಾತ್ರಜದ ಅಂಚಿನ ಗುಡಿಸಲಿನಲ್ಲಿರುವ ಕನ್ನಡ ಕಾರ್ಮಿಕನು ಪೂರ ಬರುವ ಮೊದಲೇ ಮರಾಠಿಯ ಅರ್ಥದಲ್ಲಿ ‘ಬೇಪತ್ತಾ’ ಆಗಿರುತ್ತಾನೆ: ಅವನ ಪಡಿತರ ಚೀಟಿಯೂ ಮತವೂ ಊರಿನಲ್ಲಿ, ಕೆಲಸ ಇಲ್ಲಿ. ಪೂರ ಬಂದರೆ ಕನ್ನಡದ ಅರ್ಥದಲ್ಲಿಯೂ ‘ನಾಪತ್ತೆ’ಯಾಗುತ್ತಾನೆ. ಅವನು ಇಲ್ಲಿದ್ದನೆಂದು ಹೇಳಬೇಕಾದವರು ನೂರಾರು ಮೈಲಿ ದೂರದಲ್ಲಿ, ಇನ್ನೊಂದು ಆಡಳಿತಭಾಷೆಯಲ್ಲಿ ದೂರು ಕೊಡಬೇಕಾಗುತ್ತದೆ.

ಈ ವಿವೇಚನೆಯಿಂದ ಮೂರು ಸೂಚನೆಗಳು ಹೊರಡುತ್ತವೆ. ಒಂದು: ವಿಶೇಷ ದುರಂತಗಳಿಗೆ ಮಾಡಿದ ಮರಣ ನೋಂದಣಿಯ ಕ್ರಮವನ್ನು ಎಲ್ಲ ಪ್ರವಾಹಗಳಿಗೂ ಅನ್ವಯಿಸುವ ಸ್ಥಾಯೀ ನಿಯಮವನ್ನಾಗಿ ಮಾಡಬೇಕು. ಎರಡು: ಕಾಣೆಯಾದವರ ದೂರು ಮತ್ತು ಅಪರಿಚಿತ ಶವಗಳ ವಿವರ ಭೀಮಾ ಕಣಿವೆಯ ಎರಡೂ ರಾಜ್ಯಗಳ ಜಿಲ್ಲೆಗಳ ನಡುವೆ, ಮರಾಠಿ ಕನ್ನಡಗಳೆರಡರಲ್ಲೂ ವಿನಿಮಯವಾಗಬೇಕು. ಮೂರು: ಕಟ್ಟಡ ಕಾರ್ಮಿಕರ ನೋಂದಣಿಯಲ್ಲಿ ಸ್ವಂತ ಊರು, ಸದ್ಯದ ಬಿಡಾರ ಎರಡನ್ನೂ ಬರೆದಿಡಬೇಕು, ಶೋಧ ಆರಂಭವಾಗುವುದು ಆ ಸಾಲಿನಿಂದಲೇ.

೧೯೬೧ರ ಪೂರದಲ್ಲಿಯೂ ೨೦೧೯ರ ಪೂರದಲ್ಲಿಯೂ ಪುಣೆಯ ಕನ್ನಡಿಗರ ಅನುಭವ ಏನಾಗಿತ್ತೆಂಬ ಮೌಖಿಕ ಸಾಮಗ್ರಿಯ ಸಂಗ್ರಹ ಇನ್ನು ನಡೆಯಬೇಕಾದ ಕೆಲಸ. ೧೯೬೧ನ್ನು ಕಣ್ಣಾರೆ ಕಂಡವರು ಈಗ ಇಳಿವಯಸ್ಸಿನವರು. ಹೊರನಾಡಿನಲ್ಲಿರುವ ಸಂಶೋಧಕರು ಇತ್ತ ಬೇಗನೆ ಗಮನ ಹರಿಸಬೇಕೆಂದು ನಾವು ಆಶಿಸುತ್ತೇವೆ.